ಕಡತದ ಆಯುಷ್ಯ: ಕೋಡಿಯ ನೆಲದಾಖಲೆಗಳ ನೆಲೆಯಿಂದ

ಕಚೇರಿಯ ಕಡತವನ್ನು ಎಷ್ಟು ಕಾಲ ಕಾಯ್ದಿರಿಸಬೇಕು, ಯಾವಾಗ ನಾಶಪಡಿಸಬಹುದು ಎಂಬುದನ್ನು ಮೊದಲೇ ಗೊತ್ತುಪಡಿಸುವುದು ಸಂರಕ್ಷಣಾವಧಿಯ ಪಟ್ಟಿ. ಕರ್ನಾಟಕದ ಕಚೇರಿ ಪದ್ಧತಿಯಲ್ಲಿ ‘ಎ’ ವರ್ಗ ಶಾಶ್ವತವಾದುದು; ‘ಬಿ’ 30, ‘ಸಿ’ 10, ‘ಡಿ’ 5, ‘ಇ’ 1 ವರ್ಷದ್ದು.

ಕಡತದ ಬೆಲೆ ಅದು ಹುಟ್ಟಿದ ದಿನವೇ ನಿಶ್ಚಯವಾಗುತ್ತದೆ ಎಂಬುದು ಈ ವರ್ಗೀಕರಣದ ಗೃಹೀತ. ಕುಂದಾಪುರದ ಕೋಡಿಯಂಥ ಕಡಲತಡಿಯ ಊರಿನಿಂದ ನೋಡಿದರೆ ಇದು ಪೂರ್ಣ ನಿಜವಲ್ಲ. 1956ರವರೆಗೆ ಈ ಪ್ರದೇಶ ಮದರಾಸಿನ ಆಡಳಿತದಲ್ಲಿತ್ತು. ಅಲ್ಲಿಂದ ಬಂದ ಗ್ರಾಮಲೆಕ್ಕ ‘ಅಡಂಗಲ್’. ಮೂಲಗೇಣಿ, ಚಾಲಗೇಣಿಗಳೆಂಬ ಹಿಡುವಳಿಭೇದಗಳೂ ಇಲ್ಲಿ ರೂಢಿಯಲ್ಲಿದ್ದವು. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ನಿಂತಾಗ, ವರ್ಷ ಕಳೆದರೆ ಮುಗಿಯಿತು ಎನಿಸಿದ್ದ ಲೆಕ್ಕಗಳೂ ಗೇಣಿಚೀಟಿಗಳೂ ಹಕ್ಕಿನ ಸಾಕ್ಷಿಗಳಾದವು.

1997ರಲ್ಲಿ ಉಡುಪಿ ಜಿಲ್ಲೆ ರೂಪುಗೊಂಡಿತು. ಅನಂತರ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳಾದವು. ಗಡಿ ಬದಲಾದಾಗ ಕಡತವೂ ಕಚೇರಿ ಬದಲಿಸುತ್ತದೆ. ಆದ್ದರಿಂದ ಪಟ್ಟಿಯನ್ನು ಪರಿಷ್ಕರಿಸುವಾಗ ಮೂರು ಅಂಶಗಳು ವಿಚಾರಾರ್ಹ: ಕಡತವನ್ನು ಆಶ್ರಯಿಸಿದ ಹಕ್ಕು ತೀರಿದೆಯೇ ಎಂಬ ಪರಿಶೀಲನೆ, ಹಸ್ತಾಂತರದ ವಹಿ ಶಾಶ್ವತ ವರ್ಗದಲ್ಲಿರುವುದು, ನಾಶಪಡಿಸಿದ ಕಡತಗಳ ಯಾದಿಯೂ ಹಾಗೆಯೇ ಉಳಿಯುವುದು. ಕಡತವಿಲ್ಲದಿದ್ದರೂ ಅದು ಇತ್ತೆಂಬ ಬರಹ ಉಳಿದರೆ, ಹಕ್ಕು ಕೇಳಿ ಬಂದವನು ಬರಿಗೈಯಲ್ಲಿ ಮರಳಬೇಕಾಗದು.