ಸಾಹಿತ್ಯ ಉತ್ಸವಕ್ಕೆ ಹೋಗಲು ಅಂಜಿಕೆ

ಪ್ರಶ್ನೆ: ಅಕ್ಕಾ, ನಾನು ಕೈವಾರದವಳು, ಬ್ಲೌಸ್ ಹೊಲಿಯುವ ಕೆಲಸ. ಓದು ಪಿಯುಸಿಗೇ ನಿಂತಿತು, ಲೈಬ್ರರಿ ಪುಸ್ತಕಗಳ ಹುಚ್ಚು ಮಾತ್ರ ನಿಂತಿಲ್ಲ. ಡಿಸೆಂಬರಿನಲ್ಲಿ ಬೆಂಗಳೂರಿನ ಸಾಹಿತ್ಯ ಉತ್ಸವಕ್ಕೆ ಹೋಗಿ ಲೇಖಕರ ಮಾತು ಕೇಳಬೇಕೆಂದು ಆಸೆ. 'ಅಲ್ಲಿ ನಮ್ಮಂಥೋರಿಗೇನು ಕೆಲಸ?' ಅಂತಾರೆ ಮನೆಯವರು. ಮನೇಲಿ ಆಡೋದು ತೆಲುಗು. ಬಾಯಿಬಿಟ್ಟರೆ ಜನ ನಕ್ಕಾರೇನೋ ಅಂತ ನನಗೂ ಭಯ.

ಉತ್ತರ: ತಂಗೀ, ಗುರುಪೂರ್ಣಿಮೆಗೆ ನಿಮ್ಮೂರ ಮಠದಲ್ಲಿ ಸಂಗೀತೋತ್ಸವ ನಡೆಯುತ್ತದಲ್ಲ, ರಾಗದ ಹೆಸರು ಬಲ್ಲವರಷ್ಟೇ ಕೂರಲಿ ಎಂದು ಯಾರಾದರೂ ತಡೆಯುತ್ತಾರೆಯೇ? ಇದೂ ಹಾಗೇ. 2012ರಲ್ಲಿ ಶುರುವಾದ ಈ ಉತ್ಸವಕ್ಕೆ ಪ್ರವೇಶ ಉಚಿತ. ಇಂಗ್ಲಿಷಿನ ಅಬ್ಬರ ಇದೆ, ನನಗೂ ಅದು ಅತಿ ಅನ್ನಿಸುತ್ತದೆ. ಕನ್ನಡದ ಗೋಷ್ಠಿಗಳೂ ಇರುತ್ತವೆ, ಅವನ್ನು ಗುರುತು ಹಾಕಿಕೊಳ್ಳಿ.

ತೆಲುಗಿನ ಸಂಕೋಚವಂತೂ ಕೈವಾರದವರಿಗೆ ಒಪ್ಪುವುದೇ ಇಲ್ಲ! ಬಳೆ ಮಾರುತ್ತ ಊರೂರು ತಿರುಗಿದ ನಿಮ್ಮೂರ ಸಂತ ತಾತಯ್ಯನವರು ಪದ ಕಟ್ಟಿದ್ದು ತೆಲುಗು, ಕನ್ನಡ ಎರಡರಲ್ಲೂ. ಪಕ್ಕದ ಮಾಲೂರು ಸೀಮೆಯ ಮಾಸ್ತಿಯವರ ಮನೆಮಾತು ತಮಿಳು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಮನೆಯಲ್ಲಿ ಆಡುವುದೂ ಕನ್ನಡವಲ್ಲ, ಕಥೆ ಬರೆದದ್ದು ಕನ್ನಡದಲ್ಲಿ.

ಪ್ರಶ್ನೆ ಕೇಳಲೇಬೇಕೆಂದಿಲ್ಲ, ಸುಮ್ಮನೆ ಕೇಳಿಸಿಕೊಂಡು ಬಂದರೂ ಆದೀತು. ಆದರೆ ನಿಮಗೆ ಪ್ರಶ್ನೆ ಕೇಳುವ ಆಸೆಯಿದೆ ಎಂದು ಪತ್ರವೇ ಹೇಳುತ್ತಿದೆ. ಹಾಗಾದರೆ ಬರುವ ಲೇಖಕರಲ್ಲಿ ಒಬ್ಬರದು ಒಂದೇ ಪುಸ್ತಕ ಚೆನ್ನಾಗಿ ಓದಿ, ಎಲ್ಲಿ ತಡವರಿಸಿದಿರೋ ಅದನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೈಕು ಹಿಡಿದು ಭಾಷಣ ಬಿಗಿಯುವವರು ಅಲ್ಲಿ ಧಾರಾಳ, ಓದಿಕೊಂಡು ಬಂದು ಕೇಳುವವರೇ ಕಡಿಮೆ. ಕೇಳಲು ಅಳುಕಾದರೆ ನಿಮ್ಮ ಜಿಲ್ಲೆಯ ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಅವರು ಹೈಸ್ಕೂಲು ಓದಲು ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿ, ಯಾರು ಬೇಕಾದರೂ ಬಂದು ಕೇಳಬಹುದಾದ ಉಪನ್ಯಾಸಗಳನ್ನು ನಡೆಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬುದು ಅವರ ಜೀವನದುದ್ದದ ಮಾತು.

ಮನೆಯವರ ಮಾತಿನಲ್ಲಿ ನನಗೆ ಕಾಣುವುದು ಹೀಯಾಳಿಕೆಯಲ್ಲ, ಅಳುಕು. ವಾದಕ್ಕಿಳಿಯಬೇಡಿ, ಅವರನ್ನೂ ಹೊರಡಿಸಿ. ಮಕ್ಕಳಿದ್ದರೆ ಅವರಿಗೂ ಅಲ್ಲಿ ಬೇರೆ ಕಾರ್ಯಕ್ರಮಗಳಿವೆ. ಕೈವಾರ ಕ್ರಾಸಿನಲ್ಲಿ ಬೆಳಗಿನ ಬಸ್ಸು ಹಿಡಿದು, ಎರಡು ಗೋಷ್ಠಿ ಕೇಳಿ, ಸಂಜೆಗೆ ಹೊರಟುಬಿಡಿ. ಮೊದಲ ಸಲಕ್ಕೆ ಅಷ್ಟು ಸಾಕು. ಆ ವಾರ ಹೊಲಿಗೆ ಸ್ವಲ್ಪ ಕಡಿಮೆ ಒಪ್ಪಿಕೊಳ್ಳಿ, ಹೋಗಿ ಬನ್ನಿ.