ಸೆರೆಮನೆಯಿಂದ ಬಂದ ಅರ್ಜಿ

ಶಿಕ್ಷೆಯಾದವನಿಗೆ ನ್ಯಾಯದ ಬಾಗಿಲು ಮುಚ್ಚಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅಪೀಲುಗಳೆಲ್ಲ ಮುಗಿದ ಮೇಲೂ, ತನ್ನನ್ನು ಸೆರೆಯಲ್ಲಿಟ್ಟಿರುವುದು ಸಂವಿಧಾನಕ್ಕೆ ವಿರುದ್ಧವೆಂದು ಬಂದಿಯು ಮೊರೆಯಿಡಲು ಒಂದು ದಾರಿಯುಂಟು. ಅದೇ ಹೇಬಿಯಸ್ ಕಾರ್ಪಸ್ ಅರ್ಜಿ. ಅಮೆರಿಕದಲ್ಲಿ ಬಹುಪಾಲು ಕ್ರಿಮಿನಲ್ ಮೊಕದ್ದಮೆಗಳು ನಡೆಯುವುದು ರಾಜ್ಯಗಳ ಕೋರ್ಟುಗಳಲ್ಲಿ. 1867ರ ಶಾಸನವು ರಾಜ್ಯದ ಬಂದಿಗಳಿಗೂ ಒಕ್ಕೂಟದ ನ್ಯಾಯಾಲಯಕ್ಕೆ, ಎಂದರೆ ಫೆಡರಲ್ ಕೋರ್ಟಿಗೆ, ಈ ಅರ್ಜಿ ಸಲ್ಲಿಸುವ ಅವಕಾಶ ಕೊಟ್ಟಿತು. ಅಲ್ಲಿ ಮುಖ್ಯವಾಗಿ ವಿಚಾರಕ್ಕೆ ಬರುವುದು 'ಇವನು ಅಪರಾಧಿಯೇ?' ಎಂಬುದಲ್ಲ, 'ಇವನಿಗೆ ಶಿಕ್ಷೆಯಾದ ರೀತಿ ಸಂವಿಧಾನಕ್ಕೆ ಸಮ್ಮತವೇ?' ಎಂಬುದು.

ಬಂದಿಯ ಅರ್ಜಿಗೆ ಎಷ್ಟು ಶಕ್ತಿಯಿದೆಯೆಂಬುದಕ್ಕೆ ಕ್ಲಾರೆನ್ಸ್ ಅರ್ಲ್ ಗಿಡಿಯನ್ನನ ಮೊಕದ್ದಮೆಯೇ ಸಾಕ್ಷಿ. ಎಂಟನೆಯ ತರಗತಿಗೇ ಶಾಲೆ ಬಿಟ್ಟ ಬಡವನಾತ. 1961ರಲ್ಲಿ ಫ್ಲಾರಿಡಾ ರಾಜ್ಯದ ಪನಾಮಾ ಸಿಟಿಯಲ್ಲಿ, ಬಿಲಿಯರ್ಡ್ಸ್ ಆಡುವ ಕೊಠಡಿಯೊಂದಕ್ಕೆ ಕಳ್ಳತನಕ್ಕೆಂದು ನುಗ್ಗಿದನೆಂಬ ಆಪಾದನೆ ಅವನ ಮೇಲೆ ಬಂತು. ತನಗೊಬ್ಬ ವಕೀಲರನ್ನು ನೇಮಿಸಿಕೊಡಬೇಕೆಂದು ಬೇಡಿದ. ಮರಣದಂಡನೆಗೆ ಗುರಿಯಾಗುವ ಅಪರಾಧವಾದರೆ ಮಾತ್ರ ಹಾಗೆ ನೇಮಿಸಬಹುದೆಂದು ನ್ಯಾಯಾಧೀಶರು ನಿರಾಕರಿಸಿದರು. ತಾನೇ ವಾದಿಸಿದ, ಐದು ವರ್ಷ ಸೆರೆಯಾಯಿತು. ಫ್ಲಾರಿಡಾದ ಸುಪ್ರೀಂ ಕೋರ್ಟು ಅವನ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ತಳ್ಳಿಹಾಕಿತು. ಗಿಡಿಯನ್ ಧೈರ್ಯಗುಂದಲಿಲ್ಲ. 1962ರ ಜನವರಿಯಲ್ಲಿ ಸೆರೆಮನೆಯ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ನೇರವಾಗಿ ಅಮೆರಿಕದ ಸುಪ್ರೀಂ ಕೋರ್ಟಿಗೇ ಮನವಿ ಕಳಿಸಿದ. ಆ ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಂಡು, ಅವನ ಪರವಾಗಿ ಏಬ್ ಫೋರ್ಟಾಸ್ ಎಂಬ ಪ್ರಸಿದ್ಧ ವಕೀಲರನ್ನು ನೇಮಿಸಿತು. 1963ರ ಮಾರ್ಚ್ 18ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಗಿಡಿಯನ್ನನ ಪಕ್ಷವನ್ನು ಎತ್ತಿಹಿಡಿದರು. 1942ರಲ್ಲಿ ತಾವೇ ಕೊಟ್ಟಿದ್ದ ವಿರುದ್ಧ ತೀರ್ಪನ್ನು ರದ್ದುಮಾಡಿದರು. ಅದೇ ಆಗಸ್ಟಿನಲ್ಲಿ ಮರುವಿಚಾರಣೆ ನಡೆಯಿತು. ಈ ಸಲ ಪಕ್ಕದಲ್ಲಿ ವಕೀಲರಿದ್ದರು. ಜ್ಯೂರಿಯವರು ಅವನನ್ನು ನಿರ್ದೋಷಿಯೆಂದರು.

ಆದರೆ ಇಲ್ಲೊಂದು ವಿಪರ್ಯಾಸವಿದೆ. ಗಿಡಿಯನ್ ಗಳಿಸಿಕೊಟ್ಟ ಹಕ್ಕು ವಿಚಾರಣೆಯ ಕಾಲಕ್ಕೆ ಸೇರಿದ್ದು. ಅಪೀಲು ಮುಗಿದ ಮೇಲೆ ಬಂದಿಯು ಸಲ್ಲಿಸುವ ಅರ್ಜಿಗೆ ಸರ್ಕಾರವು ವಕೀಲರನ್ನು ಕೊಡಲೇಬೇಕೆಂದು ಸಂವಿಧಾನ ಹೇಳುವುದಿಲ್ಲವೆಂದು ಅದೇ ಸುಪ್ರೀಂ ಕೋರ್ಟು 1987ರಲ್ಲಿ ತೀರ್ಮಾನಿಸಿತು. 1996ರ ಕಾನೂನು ಅಂಥ ಅರ್ಜಿಗೆ ಸಾಮಾನ್ಯವಾಗಿ ಒಂದೇ ವರ್ಷದ ಗಡುವನ್ನು ಕಟ್ಟಿತು. ಮರಣದಂಡನೆಗೆ ಗುರಿಯಾದವರಿಗೆ ವಕೀಲರ ಏರ್ಪಾಡು ಬೇರೆಯಾಗಿ ಉಂಟು. ಉಳಿದ ಬಡ ಬಂದಿಗಳಲ್ಲಿ ಅನೇಕರು ಇಂದಿಗೂ ಗಿಡಿಯನ್ನನಂತೆ ಒಂಟಿಯಾಗಿ ಕುಳಿತು ಬರೆಯಬೇಕು.

ನಮ್ಮ ಸಂವಿಧಾನದ 32 ಮತ್ತು 226ನೆಯ ವಿಧಿಗಳಲ್ಲಿಯೂ ಹೇಬಿಯಸ್ ಕಾರ್ಪಸ್ ಇದೆ. ಬಂದಿಗೆ ತೀರ್ಪಿನ ಪ್ರತಿಯನ್ನೂ ಅಪೀಲಿಗೆ ಉಚಿತ ಕಾನೂನು ನೆರವನ್ನೂ ಕೊಡಬೇಕೆಂದು ನಮ್ಮ ಸುಪ್ರೀಂ ಕೋರ್ಟು 1978ರ ಹೊಸ್ಕೋಟ್ ಮೊಕದ್ದಮೆಯಲ್ಲಿ ಹೇಳಿತು. ನನ್ನ ತಂದೆಯವರು ಹೆಬ್ಬೆಟ್ಟು ಒತ್ತುವವರು. ಕಾಗದದಲ್ಲಿ ಏನಿದೆಯೆಂದು ತಿಳಿಯದೆ ಒತ್ತುವಾಗಿನ ಅಂಜಿಕೆಯನ್ನು ನಾನು ಅವರ ಮುಖದಲ್ಲಿ ಕಂಡಿದ್ದೇನೆ. ಆದುದರಿಂದಲೇ ಗಿಡಿಯನ್ನನ ಪೆನ್ಸಿಲು ನನಗೆ ದೊಡ್ಡದಾಗಿ ಕಾಣುತ್ತದೆ. ಬರೆಯಬಲ್ಲವನಿಗೇ ಇಷ್ಟು ಕಷ್ಟವಾದರೆ, ಬರೆಯಲಾರದವನ ಗತಿಯೇನು? ಅಕ್ಷರ ಕಲಿತ ನಾವು ಅಂಥವನ ಅರ್ಜಿಯನ್ನು ಬರೆದುಕೊಡುವಷ್ಟಾದರೂ ಆದರೆ, ನಮ್ಮ ವಿದ್ಯೆ ಸಾರ್ಥಕವಾದೀತು.