ಗಡಸು ನೀರು: ಚನ್ನರಾಯನದುರ್ಗದ ಸೀಮೆಯ ಗೃಹಸ್ಥರಿಗೆ ಕೆಲವು ಸೂಚನೆಗಳು

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳ ಮರಳುನೆಲದಲ್ಲಿ ತಾನಾಗಿ ಜಿನುಗಿ ಹೊಲಗದ್ದೆಗಳಿಗೆ ಹರಿಯುತ್ತಿದ್ದ ತಲಪರಿಗೆಗಳ ಪ್ರಸ್ತಾಪ ಲೂಯಿ ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿದೆ. ಆ ಊಟೆಗಳು ಬಹುಮಟ್ಟಿಗೆ ಬತ್ತಿ, ಜಯಮಂಗಲಿ ಮಳೆಗಾಲದ ನದಿಯಾಗಿ ಉಳಿದಿರುವ ಈ ದಿನಗಳಲ್ಲಿ, ಚನ್ನರಾಯನದುರ್ಗದ ಸುತ್ತಣ ಊರುಗಳ ನಲ್ಲಿಗೆ ಬರುವ ನೀರು ಹೆಚ್ಚಾಗಿ ಗಟ್ಟಿಶಿಲೆಯ ಬಿರುಕುಗಳಿಂದ, ನೂರಾರು ಅಡಿಗಳ ಆಳದಿಂದ, ಕೊಳವೆಬಾವಿಯ ಮೂಲಕ ಮೇಲೆದ್ದುದು. ಅಷ್ಟು ಆಳದಲ್ಲಿ ದೀರ್ಘಕಾಲ ಕಲ್ಲಿನ ಸಂಸರ್ಗದಲ್ಲಿದ್ದ ನೀರು ಸುಣ್ಣದ ಮತ್ತು ಮೆಗ್ನೀಸಿಯಮ್ಮಿನ ಲವಣಗಳನ್ನೂ, ಅನೇಕ ಕಡೆ ಫ್ಲೋರೈಡನ್ನೂ ಕರಗಿಸಿಕೊಂಡು ಬರುತ್ತದೆ.

ಇಲ್ಲಿ ಮೊದಲಿಗೇ ಒಂದು ಭ್ರಮೆಯನ್ನು ನಿವಾರಿಸಬೇಕು. ಗಡಸುತನವೂ ಫ್ಲೋರೈಡೂ ಒಂದೇ ಅಲ್ಲ. ಗಡಸುತನವು ಮುಖ್ಯವಾಗಿ ಮನೆಯ ಹಂಡೆ, ಬಟ್ಟೆ, ಬೇಳೆಗಳನ್ನು ಕಾಡುವ ದೋಷ; ಫ್ಲೋರೈಡಾದರೋ ಹಲ್ಲನ್ನೂ ಮೂಳೆಯನ್ನೂ ಕೆಡಿಸುವ ದೋಷ. ಸುಣ್ಣದ ಅಂಶ ಕಡಿಮೆಯಿರುವ ನೀರಿನಲ್ಲಿ ಫ್ಲೋರೈಡು ಇನ್ನೂ ಹೆಚ್ಚಾಗಿ ಕರಗಿ ನಿಲ್ಲಬಲ್ಲದಾದುದರಿಂದ, ಸಾಬೂನು ಚೆನ್ನಾಗಿ ನೊರೆಯುವ, ಬಾಯಿಗೆ ಸಿಹಿಯಾದ ನೀರೆಂಬ ಮಾತ್ರಕ್ಕೆ ಅದು ನಿರಪಾಯವೆಂದು ನಂಬಲಾಗದು.

ಆದುದರಿಂದ ಪ್ರಥಮ ಕಾರ್ಯ ಪರೀಕ್ಷೆ. ಗಡಸುತನವನ್ನು ಮನೆಯಲ್ಲಿಯೇ ಸ್ಥೂಲವಾಗಿ ಅರಿಯಬಹುದು: ಎರಡು ಸೀಸೆಗಳಲ್ಲಿ ಅರ್ಧರ್ಧ, ಒಂದರಲ್ಲಿ ಮಳೆನೀರನ್ನೂ ಇನ್ನೊಂದರಲ್ಲಿ ನಲ್ಲಿಯ ನೀರನ್ನೂ ತೆಗೆದುಕೊಂಡು, ಮೈಸಾಬೂನನ್ನು ಕದಡಿದ ದ್ರವವನ್ನು ಸಮನಾಗಿ ಕೆಲವು ಹನಿ ಹಾಕಿ ಕುಲುಕಿರಿ, ನೊರೆಯ ಬದಲು ಬಿಳಿಯ ಗಸಿ ತೇಲುವ ನೀರು ಗಡಸು. ಡಿಟರ್ಜೆಂಟ್ ಪುಡಿಯಾಗಲಿ ಶ್ಯಾಂಪೂ ಆಗಲಿ ಈ ಪರೀಕ್ಷೆಗೆ ಬಾರದು. ಫ್ಲೋರೈಡಿಗೆ ಇಂಥ ಉಪಾಯವಿಲ್ಲ. ಪಂಚಾಯತಿಯಲ್ಲಿರುವ ಪರೀಕ್ಷಾ ಕಿಟ್ಟನ್ನೋ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯವನ್ನೋ ಆಶ್ರಯಿಸಬೇಕು. ಮಾದರಿ ಹಿಡಿಯುವ ಮುನ್ನ ನೀರನ್ನು ಕೆಲವು ನಿಮಿಷ ಹರಿಯಗೊಟ್ಟು, ಶುಚಿಯಾದ ಒಂದು ಲೀಟರಿನ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿಸಿರಿ. ಬರಿಯ ‘ಚೆನ್ನಾಗಿದೆ’ ಎಂಬ ಉತ್ತರಕ್ಕೆ ತೃಪ್ತರಾಗದೆ ಅಂಕಿಗಳನ್ನು ಕೇಳಿ ಪಡೆಯಿರಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಗಡಸುತನ 200 ಮಿಲಿಗ್ರಾಮಿನೊಳಗೂ ಫ್ಲೋರೈಡು 1 ಮಿಲಿಗ್ರಾಮಿನೊಳಗೂ ಇರತಕ್ಕದ್ದು. ಬೇರೆ ಮೂಲವೇ ಇಲ್ಲದಲ್ಲಿ ಕ್ರಮವಾಗಿ 600 ಮತ್ತು 1.5ರವರೆಗೆ ಸಹಿಸಬಹುದು.

ಫಲಿತಾಂಶ ಕೈಸೇರಿದ ಮೇಲೆ ನೀರನ್ನು ಬಳಕೆಗೆ ತಕ್ಕಂತೆ ವಿಭಾಗಿಸಿಕೊಳ್ಳಬೇಕು. ಫ್ಲೋರೈಡು ಮಿತಿ ಮೀರಿದ್ದಲ್ಲಿ ಆ ನೀರು ಕುಡಿಯಲೂ ಸಲ್ಲದು, ಅಡುಗೆಗೂ ಸಲ್ಲದು. ನಮ್ಮ ಊರುಗಳಲ್ಲಿ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತಂದು, ಕುಡಿಯುವುದಕ್ಕೆ ಮಾತ್ರ ಆ ‘ಫಿಲ್ಟರ್ ನೀರ’ನ್ನಿಟ್ಟು, ಮುದ್ದೆಯ ಎಸರಿಗೂ ಸಾರಿಗೂ ಕೊಳವೆಬಾವಿಯ ನೀರನ್ನೇ ಸುರಿಯುವ ರೂಢಿಯನ್ನು ಕಂಡು ನಾನು ಬಹಳ ನೊಂದಿದ್ದೇನೆ, ಮುದ್ದೆಯೊಳಗೆ ಇಂಗಿದ ನೀರೂ ಹೊಟ್ಟೆಗೇ ಸೇರುವುದಷ್ಟೆ. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಗಡಸುತನ ಕಳೆಯಲೆಂದು ಮಾರುವ ಸಾಫ್ಟ್‌ನರ್ ಯಂತ್ರವೂ ಸುಣ್ಣದ ಬದಲಿಗೆ ಸೋಡಿಯಮ್ಮನ್ನು ಇರಿಸುವುದೇ ಹೊರತು ಫ್ಲೋರೈಡನ್ನು ತೆಗೆಯದು. ಶಾಶ್ವತ ಹಲ್ಲುಗಳು ದವಡೆಯೊಳಗೇ ರೂಪುಗೊಳ್ಳುವ ಎಂಟು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಉದಾಸೀನ ಕೂಡದು. ಒಮ್ಮೆ ಮೂಡಿದ ಕಂದು ಕಲೆ ಉಜ್ಜಿದರೆ ಹೋಗತಕ್ಕದ್ದಲ್ಲ.

ಬರಿಯ ಗಡಸುತನದ ದೋಷವಿದ್ದರೆ ಪರಿಹಾರ ಸುಲಭ. ನೀರನ್ನು ಹತ್ತು ನಿಮಿಷ ಮರಳ ಕುದಿಸಿ, ಆರಿಸಿ, ತಳದ ಗಸಿ ಕದಡದಂತೆ ಬಗ್ಗಿಸಿಕೊಂಡರೆ ಬೈಕಾರ್ಬೊನೇಟಿನಿಂದ ಬಂದ ಗಡಸುತನವು ಬಹುಪಾಲು ಇಳಿಯುತ್ತದೆ. ಸಲ್ಫೇಟು, ಕ್ಲೋರೈಡುಗಳದ್ದು ಉಳಿಯುತ್ತದೆ. ತೊಗರಿಬೇಳೆ, ಹುರುಳಿಗಳನ್ನು ಹೀಗೆ ಕುದಿಸಿ ಬಗ್ಗಿಸಿದ ನೀರಿನಲ್ಲಿ ನೆನೆಸಿ ಬೇಯಿಸಿರಿ. ಹುಣಸೆಯ ಹುಳಿಯನ್ನು ಬೇಳೆ ಬೆಂದ ಅನಂತರವೇ ಹಿಂಡಿರಿ. ಬೇಗ ಬೇಯಲೆಂದು ಅಡುಗೆ ಸೋಡ ಹಾಕುವ ಅಭ್ಯಾಸ ಬೇಳೆಯಲ್ಲಿರುವ ಬಿ ಜೀವಸತ್ತ್ವವನ್ನು ನಾಶಮಾಡುವುದರಿಂದ ಅದನ್ನು ನಾನು ಒಪ್ಪಲಾರೆ.

ಬಟ್ಟೆಗೆ ಕ್ರಮವೇ ಮುಖ್ಯ. ಇಪ್ಪತ್ತು ಲೀಟರಿನ ಬಕೆಟ್ಟಿಗೆ ಒಂದೆರಡು ಚಹಾ ಚಮಚ ಬಟ್ಟೆಸೋಡವನ್ನು ಮೊದಲು ಕರಗಿಸಿ, ಕಾಲು ಗಂಟೆ ಬಿಟ್ಟು, ಆಮೇಲೆ ಸಾಬೂನು ಹಾಕಿದರೆ ಸಾಬೂನಿನ ವೆಚ್ಚ ತಗ್ಗುತ್ತದೆ. ರೇಷ್ಮೆಗೂ ಉಣ್ಣೆಗೂ ಇದು ಸಲ್ಲದು. ತಲೆಗೆ ಸೀಗೆ, ಅಂಟುವಾಳಗಳೇ ಲೇಸು. ಅವು ಗಡಸು ನೀರಿನಲ್ಲಿ ಸಾಬೂನಿನಂತೆ ಗಸಿ ಕಟ್ಟುವುದಿಲ್ಲ. ಹಂಡೆಯ ಒಳಮೈಗೆ ಹತ್ತಿದ ಬಿಳಿಯ ಹಕ್ಕಳೆಯನ್ನು ಹುಣಸೆಯ ನೀರು ತುಂಬಿ ಒಂದು ರಾತ್ರಿ ಬಿಟ್ಟು, ತೆಂಗಿನ ನಾರಿನಿಂದ ತಿಕ್ಕಿ, ಚೆನ್ನಾಗಿ ಗಲಬರಿಸಿರಿ. ಗೀಸರಿನ ಬಿಸಿಯನ್ನು 60 ಡಿಗ್ರಿ ಮೀರಗೊಡದಿದ್ದರೆ ಅದರ ಸುರುಳಿ ಹೆಚ್ಚು ಕಾಲ ಬಾಳುತ್ತದೆ.

ಇವೆಲ್ಲಕ್ಕಿಂತ ಶ್ರೇಷ್ಠವಾದ ಮಾರ್ಗ ಮಳೆನೀರು. ದುರ್ಗದ ಮೇಲಿನ ದೊಣೆಗಳಲ್ಲಿ ಪಾಳೇಗಾರರ ಕಾಲದವರು ನೆಚ್ಚಿದುದೂ ಅದನ್ನೇ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐವತ್ತು ಚದರ ಮೀಟರಿನ ಚಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಬಿದ್ದು, ಐದರಲ್ಲೊಂದು ಪಾಲು ವ್ಯರ್ಥವಾದರೂ 20,000 ಲೀಟರ್ ದೊರೆಯುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕಾಗುವ ಸಂಸಾರಕ್ಕೆ 5,000 ಲೀಟರಿನ ಒಂದು ತೊಟ್ಟಿ ತುಂಬಿದರೆ 250 ದಿನ ನಡೆಯುತ್ತದೆ. ಋತುವಿನ ಮೊದಲ ಮಳೆಗಳನ್ನು ಹೊರಗೆ ಬಿಟ್ಟು, ಮರಳು ಮತ್ತು ಜಲ್ಲಿಯಲ್ಲಿ ಸೋಸಿ, ಬೆಳಕೂ ಸೊಳ್ಳೆಯೂ ಹೊಗದಂತೆ ತೊಟ್ಟಿಯನ್ನು ಮುಚ್ಚಿ, ಕುಡಿಯುವ ಪಾಲನ್ನು ಕುದಿಸಿ ಬಳಸಿರಿ.

ಕೊಳವೆಬಾವಿಯ ನೀರು ಬೇಸಗೆಗೂ ಮಳೆಗಾಲಕ್ಕೂ ಬದಲಾಗುವುದರಿಂದ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸಿರಿ. ಬಂದ ಅಂಕಿಗಳನ್ನು ಊರಿನ ಟ್ಯಾಂಕಿನ ಮೇಲೆ ಎಲ್ಲರೂ ಓದುವಂತೆ ಬರೆಯಿಸಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿರಿ.